ಕುರುಡನಿಗೆ ಹತ್ತಿಂಚಿನ ಕನ್ನಡಿ ಯಾಕೆ ಸ್ವಾಮೀ?

ತುಂಬ ದಿನವಾಯ್ತು ಈ ಕಡೆ ತಲೆ ಹಾಕದೆ. ಮಂಡಿ ನೋವು, ಮಳೆ, ಮನೆಗೆ ಬಂದ ನೆಂಟರು... ನೆಪ ಬೇಕಾದಷ್ಟಿವೆ. ಇವತ್ತು ಮಾತ್ರ ಸಿಟ್ಟಿನಿಂದ ಬರೆಯಲು ಕೂತಿದ್ದೇನೆ. ಸಿಟ್ಟು ಬಂದಾಗ ನನ್ನ ಬೆರಳು ಚುರುಕಾಗುತ್ತದೆ ಅನ್ನೋದು ಹಳೇ ಓದುಗರಿಗೆ ಗೊತ್ತಿರುವ ವಿಷಯವೇ.

ಆದದ್ದಿಷ್ಟು. ಕಳೆದ ವಾರ ಇಲ್ಲಿನ ನಮ್ಮದೊಂದು ಕನ್ನಡ ಸಂಘದ ಖಜಾಂಚಿಯವರ ಫೋನು ಬಂತು. (ಯಾವ ಸಂಘ ಅಂತ ಕೇಳಬೇಡಿ. ಮುಂಬೈಯಲ್ಲಿ ಕನ್ನಡ ಸಂಘಗಳಿಗೇನು ಬರವೇ?) "ಅಣ್ಣಾ, ಈ ಸಲ ರಾಜ್ಯೋತ್ಸವಕ್ಕೆ ಇಪ್ಪತ್ತು ಜನ ಅಂಧ ಮಕ್ಕಳಿಗೆ ಟ್ಯಾಬ್ಲೆಟ್ ಹಂಚ್ತಾ ಇದ್ದೇವೆ. ಹತ್ತಿಂಚಿನದ್ದು! ನೀವು ವೇದಿಕೆ ಮೇಲೆ ಇರಲೇಬೇಕು" ಅಂದರು. ಒಳ್ಳೆಯ ಮನುಷ್ಯ. ನನ್ನ ಹೆಂಡತಿಯ ಆಪರೇಷನ್ ಆದಾಗ ಮೂರು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು. ಅವರ ಮೇಲೆ ಹಾರಾಡುವ ಮನಸ್ಸು ನನಗೂ ಇರಲಿಲ್ಲ.

"ಮಕ್ಕಳನ್ನ ಕೇಳಿದ್ರಾ, ಏನು ಬೇಕು ಅಂತ?" ಅಂದೆ.

"ಕೇಳೂದೆಂತ ಅಣ್ಣಾ? ಮೊಬೈಲಿಗಿಂತ ದೊಡ್ಡದನ್ನೇ ಕೊಡ್ತಾ ಇದ್ದೇವಲ್ಲ. ಪಾಪ ಅವರಿಗೆ ಕಾಣೂದಿಲ್ಲ, ಸ್ಕ್ರೀನು ದೊಡ್ಡದಾದಷ್ಟೂ ಒಳ್ಳೇದಲ್ವಾ?"

ನೋಡಿ, ಇಲ್ಲಿಗೆ ನನ್ನ ಪಿತ್ತ ನೆತ್ತಿಗೇರಿತು. ಕಾಣುವುದಿಲ್ಲ, ಅದಕ್ಕೇ ದೊಡ್ಡ ಸ್ಕ್ರೀನು! ಕಿವಿ ಕೇಳದವನಿಗೆ ದೊಡ್ಡ ರೇಡಿಯೋ ಕೊಟ್ಟ ಹಾಗೆ. ಕುರುಡನ ಕೈಗೆ ಕನ್ನಡಿ ಕೊಟ್ಟ ಗಾದೆ ನಮ್ಮಲ್ಲಿ ಮೊದಲಿಂದಲೂ ಇದೆ. ಈಗ ಆ ಕನ್ನಡಿಗೆ ಬ್ಯಾಟರಿ ಹಾಕಿ, ಅಳತೆ ಹತ್ತಿಂಚು ಮಾಡಿ, ಶಾಲು ಹೊದೆಸಿ ಕೊಡುತ್ತಿದ್ದೇವೆ.

ಹೊಸದಾಗಿ ಇಲ್ಲಿಗೆ ಬಂದವರಿಗೆ ನನ್ನ ಪರಿಚಯ ಎರಡು ಸಾಲಿನಲ್ಲಿ: ಊರು ಕುಂದಾಪುರದ ಹತ್ತಿರ. ಕಣ್ಣು ಪೂರ್ತಿ ಹೋದದ್ದು ಏಳನೇ ವಯಸ್ಸಿಗೆ. 1985ರಲ್ಲಿ ಮುಂಬೈಗೆ ಬಂದು ಫೋರ್ಟಿನ ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆದವನು ರಿಟೈರ್ ಆಗುವವರೆಗೂ "ನಮಸ್ಕಾರ್, ಗುಡ್ ಮಾರ್ನಿಂಗ್" ಅನ್ನುತ್ತಲೇ ಇದ್ದೆ. ನಮ್ಮ ಕಾಲದ ಓದಿದ ಕುರುಡರಿಗೆ ಈ ದೇಶ ಇಟ್ಟಿದ್ದ ಖಾಯಂ ಕುರ್ಚಿ ಅದು, ಇಲ್ಲವೇ ಕುರ್ಚಿಗೆ ಬೆತ್ತ ಹೆಣೆಯುವ ಕೆಲಸ. ಇರಲಿ.

ಈಗ ವಿಷಯಕ್ಕೆ ಬರುತ್ತೇನೆ. ಟಚ್‌ಸ್ಕ್ರೀನ್ ಫೋನನ್ನು ಕಣ್ಣಿಲ್ಲದವರು ಹೇಗೆ ಬಳಸುತ್ತಾರೆ ಅನ್ನೋದೇ ಅನೇಕರಿಗೆ ಗೊತ್ತಿಲ್ಲ. ಅದರಲ್ಲಿ ತಪ್ಪೇನಿಲ್ಲ, ನನಗೂ ಗೊತ್ತಿರಲಿಲ್ಲ. ಗುಂಡಿ ಇದ್ದ ನೋಕಿಯಾ ಕಾಲದಲ್ಲಿ ನಾವು ರಾಜರು. ಟಾಕ್ಸ್, ಮೊಬೈಲ್ ಸ್ಪೀಕ್ ಅಂತ ಮಾತಾಡುವ ತಂತ್ರಾಂಶಗಳಿದ್ದವು, ಗುಂಡಿ ಒತ್ತಿದರೆ ಫೋನು ಓದಿ ಹೇಳುತ್ತಿತ್ತು. ಐದರ ಗುಂಡಿಯ ಮೇಲೊಂದು ಚುಕ್ಕೆ ಉಬ್ಬಿರುತ್ತಿತ್ತು. ಅದೊಂದು ಸಿಕ್ಕರೆ ಸಾಕು, ಲೋಕವೆಲ್ಲ ಸಿಕ್ಕಿದ ಹಾಗೆ. ಆಮೇಲೆ ಗುಂಡಿಯೇ ಇಲ್ಲದ ಗಾಜಿನ ಫೋನುಗಳು ಬಂದವು. ನಮ್ಮ ಗೆಳೆಯರ ಗುಂಪಿನಲ್ಲಿ ಸೂತಕದ ಕಳೆ! ಗಾಜು ನೆಕ್ಕಿ ಫೋನು ಮಾಡುವುದೇ ಅಂತ ಒಬ್ಬ ಕೇಳಿದ.

2009ರಲ್ಲಿ ಐಫೋನ್ 3ಜಿಎಸ್‌ಗೆ ವಾಯ್ಸ್‌ಓವರ್ ಬಂತು. ಬೆರಳಿಟ್ಟಲ್ಲಿ ಏನಿದೆ ಅಂತ ಅದು ಹೇಳುತ್ತದೆ, ಅದೇ ಬೇಕಿದ್ದರೆ ಎರಡು ಸಲ ತಟ್ಟಬೇಕು. ಬಲಕ್ಕೆ ಸವರಿದರೆ ಮುಂದಿನದು, ಎಡಕ್ಕೆ ಸವರಿದರೆ ಹಿಂದಿನದು. ಇಷ್ಟೇ ಸೂತ್ರ. ಆಂಡ್ರಾಯ್ಡಿನಲ್ಲಿ ಟಾಕ್‌ಬ್ಯಾಕ್ ಮೊದಲೇ ಇತ್ತು, ಆದರೆ ಬೆರಳಿಟ್ಟಲ್ಲಿ ಓದುವ ವ್ಯವಸ್ಥೆ ನೆಟ್ಟಗೆ ಬಂದದ್ದು 2011ರ ಆಂಡ್ರಾಯ್ಡ್ 4.0ರಲ್ಲಿ. ಅದೇ ವರ್ಷ ದುಬೈನಲ್ಲಿದ್ದ ಅಕ್ಕನ ಮಗ ತನ್ನ ಹಳೇ ಐಪಾಡ್ ಟಚ್ ಕೊಟ್ಟುಹೋದ. ಮೂರೂವರೆ ಇಂಚು, ತೂಕ ನೂರು ಗ್ರಾಂ, ಅಂಗಿಯ ಜೇಬಿನಲ್ಲಿ ಇದ್ದರೂ ಗೊತ್ತಾಗದು. ಕನ್ನಡ ಅದಕ್ಕೆ ಬರುತ್ತಿರಲಿಲ್ಲ. ಆದರೆ ನಾನು ಟಚ್‌ಸ್ಕ್ರೀನ್ ಕಲಿತದ್ದು ಅದರಲ್ಲೇ, ಅದೂ ನಾಲ್ಕು ದಿನದಲ್ಲಿ. ಗಾಜಿನ ನಾಲ್ಕೂ ಮೂಲೆ ಅಂಗೈಯಲ್ಲೇ ಸಿಗುತ್ತಿತ್ತಲ್ಲ, ಕಲಿಯುವುದು ಕಷ್ಟವಾಗಲಿಲ್ಲ.

ಈ ಮೂಲೆಯ ಮಾತು ಮುಖ್ಯ. ಕಣ್ಣಿದ್ದವರಿಗೆ ತೆರೆ ಒಂದು ಕಿಟಕಿ, ದೊಡ್ಡದಾದಷ್ಟು ಹೆಚ್ಚು ಕಾಣುತ್ತದೆ. ನಮಗೆ ಅದು ಅಂಗಳ, ಬೆರಳು ಅದರಲ್ಲಿ ನಡೆದಾಡಬೇಕು. ಸಣ್ಣ ಫೋನು ಹಿಡಿದರೆ ಕಿರುಬೆರಳಿಗೆ ಕೆಳಗಿನ ಅಂಚು, ಹೆಬ್ಬೆರಳಿಗೆ ಮಧ್ಯದ ಭಾಗ, ಅಂಗೈಗೆ ಪಕ್ಕದ ಅಂಚು ತಾಕುತ್ತಿರುತ್ತವೆ. ವಾಟ್ಸ್ಯಾಪ್ ಎಲ್ಲಿದೆ ಅಂತ ನನ್ನ ಹೆಬ್ಬೆರಳಿಗೆ ನನಗಿಂತ ಚೆನ್ನಾಗಿ ಗೊತ್ತು. ಹತ್ತಿಂಚಿನ ಗಾಜಿನ ಮೇಲೆ ಬೆರಳಿಟ್ಟರೆ ನಾಲ್ಕೂ ದಿಕ್ಕಿನಲ್ಲಿ ಬರೀ ಬಯಲು. ಬೆರಳು ಎಲ್ಲಿದೆ ಅಂತ ತಿಳಿಯಲಿಕ್ಕೇ ಇನ್ನೊಂದು ಕೈಯಿಂದ ಅಂಚು ಹಿಡಿದುಕೊಳ್ಳಬೇಕು. ಸವರುತ್ತ ಹೋದರೆ ದೊಡ್ಡದರಲ್ಲಿ ಒಂದೇ ತೆರೆಯ ಮೇಲೆ ಎರಡು ಪಟ್ಟಿ, ಮೂರು ಪಟ್ಟಿ ಸಾಮಾನು ತುಂಬಿರುತ್ತಾರೆ. ಸಣ್ಣದರಲ್ಲಿ ಎಂಟು ಸವರಿಕೆಗೆ ಸಿಗುವ ವಿಷಯ ಅಲ್ಲಿ ಇಪ್ಪತ್ತಕ್ಕೆ ಸಿಗುತ್ತದೆ. ಕಣ್ಣಿದ್ದವರು ಒಂದೇ ನೋಟಕ್ಕೆ ದಾಟುವ ಜಾಗವನ್ನು ನಾವು ಒಂದೊಂದೇ ಮೆಟ್ಟಿಲು ಹತ್ತಿ ದಾಟಬೇಕು.

ಈ ಮಾತು ನಾನು ಪುಸ್ತಕ ಓದಿ ಹೇಳುತ್ತಿಲ್ಲ. 2022ರಲ್ಲಿ ರಿಟೈರ್ ಆದಾಗ ಮಗಳು ಒಂದು ಟ್ಯಾಬ್ಲೆಟ್ ತಂದುಕೊಟ್ಟಳು. ಹತ್ತಿಂಚಿನದ್ದೇ, ವೈಫೈ ಮಾತ್ರದ್ದು, ಕವರು ಸೇರಿದರೆ ಮುಕ್ಕಾಲು ಕಿಲೋ. "ಅಪ್ಪ, ಇನ್ನು ಆರಾಮಾಗಿ ಪುಸ್ತಕ ಕೇಳು" ಅಂದಳು. ಪ್ರೀತಿಯಿಂದ ಕೊಟ್ಟದ್ದು, ಬೇಡ ಅನ್ನಲಾದೀತೇ? ಎರಡು ತಿಂಗಳು ಅದನ್ನು ಎಲ್ಲೆಡೆ ಹೊತ್ತುಕೊಂಡು ತಿರುಗಿದೆ.

ಡೊಂಬಿವಲಿಯಿಂದ ದಾದರ್‌ಗೆ ಲೋಕಲ್ ಹಿಡಿಯುವ ಕುರುಡನಿಗೆ ಎಷ್ಟು ಕೈ ಬೇಕು, ಲೆಕ್ಕ ಹಾಕಿ. ಒಂದು ಕೈಯಲ್ಲಿ ಬಿಳಿಕೋಲು. ಅಂಗವಿಕಲರ ಡಬ್ಬಿ ನಿಲ್ಲುವ ಜಾಗದಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಬೀಪ್ ಬೀಪ್ ಅನ್ನುವ ಯಂತ್ರ ಇರುತ್ತದೆ, ಅದು ಕೆಟ್ಟಿರದಿದ್ದರೆ ಕಿವಿ ಆ ಕಡೆ ಇರಬೇಕು. ಗಾಡಿ ಬಂದಾಗ ಇನ್ನೊಂದು ಕೈಯಲ್ಲಿ ಬಾಗಿಲಿನ ಸರಳು. ಫೋನು ಅಂಗಿಯ ಜೇಬಿನಲ್ಲಿ, ಒಂದೇ ಕಿವಿಗೆ ಇಯರ್‌ಫೋನು. ಹೀಗಿರುವಾಗ ಮುಕ್ಕಾಲು ಕಿಲೋದ ಸ್ಲೇಟು ಹಿಡಿಯಲು ನನಗೇನು ರಾವಣನ ಹಾಗೆ ಇಪ್ಪತ್ತು ಕೈ ಇದೆಯೇ? ಚೀಲದೊಳಗೆ ಇಟ್ಟರೆ ಇದ್ದೂ ಇಲ್ಲದ ಹಾಗೆ. ತೊಡೆಯ ಮೇಲೆ ಇಟ್ಟರೆ ಡಬ್ಬಿಯಲ್ಲಿದ್ದವರ ಕಣ್ಣೆಲ್ಲ ಅದರ ಮೇಲೆ, ಯಾವ ಕಣ್ಣು ಒಳ್ಳೆಯದು ಯಾವುದು ಕೆಟ್ಟದ್ದು ಅಂತ ನೋಡಿ ತಿಳಿಯಲು ನನ್ನಿಂದಾಗದು.

ಕ್ಯಾಮೆರಾ ಕತೆ ಇನ್ನೂ ಚಂದ. ನಮಗೂ ಕ್ಯಾಮೆರಾ ಬೇಕು ಮಾರಾಯ್ರೆ, ನಿಮಗಿಂತ ಹೆಚ್ಚು ಬೇಕು. ಔಷಧದ ಪಟ್ಟಿ, ಲೈಟ್ ಬಿಲ್ಲು, ಬಾಗಿಲಿಗೆ ಬಂದ ಕಾಗದ, ಎಲ್ಲವನ್ನೂ ಫೋಟೋ ಹಿಡಿದರೆ ಓದಿ ಹೇಳುವ ಆಪ್‌ಗಳಿವೆ. ಮೈಕ್ರೋಸಾಫ್ಟಿನ ಸೀಯಿಂಗ್ ಎಐ 2017ರಲ್ಲಿ ಬಂತು, ಮೊದಲು ಐಫೋನಿಗೆ, ಆಮೇಲೆ 2023ರ ಕೊನೆಗೆ ಆಂಡ್ರಾಯ್ಡಿಗೆ. 2016ರ ನಂತರದ ಹೊಸ ನೋಟುಗಳ ಅಳತೆಯಲ್ಲಿ ನಮ್ಮ ಬೆರಳು ಮೋಸಹೋಗತೊಡಗಿತು. ಆಮೇಲೆ ರಿಸರ್ವ್ ಬ್ಯಾಂಕೇ 2020ರಲ್ಲಿ ಮನಿ ಅನ್ನುವ ಆಪ್ ಬಿಟ್ಟಿತು, ನೋಟಿನ ಮುಂದೆ ಕ್ಯಾಮೆರಾ ಹಿಡಿದರೆ ಎಷ್ಟು ರೂಪಾಯಿಯದ್ದು ಅಂತ ಹೇಳುತ್ತದೆ. ಕಾಣದವನು ಕಾಗದದ ಫೋಟೋ ಹಿಡಿಯಲು ಒಂದು ಉಪಾಯವಿದೆ: ಫೋನನ್ನು ಕಾಗದದ ನಡುವೆ ಮಲಗಿಸಿ, ಎರಡೂ ಮೊಣಕೈ ಮೇಜಿಗೆ ಊರಿ, ನೆಟ್ಟಗೆ ಒಂದಡಿ ಮೇಲಕ್ಕೆ ಎತ್ತಬೇಕು. ಟ್ಯಾಬ್ಲೆಟ್ಟನ್ನು ಕಾಗದದ ಮೇಲೆ ಮಲಗಿಸಿದರೆ ಕಾಗದವೇ ಮುಚ್ಚಿಹೋಗುತ್ತದೆ. ಕ್ಯಾಮೆರಾ ಇರುವುದು ದೂರದ ಒಂದು ಮೂಲೆಯಲ್ಲಿ, ಎತ್ತಿದರೆ ಮೇಜಿನ ಬಟ್ಟೆಯ ಫೋಟೋ ಬರುತ್ತದೆ. ಇನ್ನು ಮೀನು ಮಾರ್ಕೆಟಿನಲ್ಲಿ ಐನೂರರ ನೋಟಿಗೆ ಹತ್ತಿಂಚಿನ ಹಲಗೆ ಹಿಡಿದು ನಿಂತರೆ ಮೀನಿನವಳು ಏನಂದಾಳು?

ಇಷ್ಟಕ್ಕೂ ಈಗ ಫೋನು ಅಂದರೆ ಬರೀ ಮಾತಾಡುವ ಡಬ್ಬಿಯಲ್ಲ. ಅದೇ ಪರ್ಸು, ಅದೇ ಪಾಸ್‌ಬುಕ್ಕು, ಅದೇ ಗುರುತಿನ ಚೀಟಿ. ಯುಪಿಐ ಶುರು ಮಾಡಬೇಕಾದರೆ ಆ ಯಂತ್ರದಲ್ಲಿರುವ ಸಿಮ್ಮಿನಿಂದಲೇ ಬ್ಯಾಂಕಿಗೆ ಎಸ್ಸೆಮ್ಮೆಸ್ ಹೋಗಬೇಕು. ಸಿಮ್ಮೇ ಇಲ್ಲದ ವೈಫೈ ಟ್ಯಾಬ್ಲೆಟ್ಟಿನಿಂದ ಏನು ಹೋಗುತ್ತದೆ? ಓಟಿಪಿ ಫೋನಿಗೇ ಬರುತ್ತದೆ. ಐಪ್ಯಾಡಿಗೆ ವಾಟ್ಸ್ಯಾಪಿನ ಸ್ವಂತ ಆಪ್ ಬಂದದ್ದೇ 2025ರ ಮೇ ತಿಂಗಳಲ್ಲಿ. ವೈಫೈ ಮಾತ್ರದ ಐಪ್ಯಾಡಿನಲ್ಲಿ ಜಿಪಿಎಸ್ ಇಲ್ಲ. ಯಾವ ಗಲ್ಲಿಯಲ್ಲಿ ನಿಂತಿದ್ದೇನೆ ಅಂತ ತಿಳಿಯಬೇಕಾದವರು ನಾವೇ ಅಲ್ಲವೇ? ಫೋನು ಗುಂಯ್ ಅಂತ ನಡುಗುವುದೂ ನಮಗೆ ಒಂದು ಭಾಷೆ, ಗದ್ದಲದಲ್ಲಿ ಧ್ವನಿ ಕೇಳದಿದ್ದಾಗ ಬೆರಳಿಗೆ ಅದು ತಿಳಿಯುತ್ತದೆ. ಐಪ್ಯಾಡು ನಡುಗುವುದಿಲ್ಲ.

2025ರ ಏಪ್ರಿಲ್ 30ರಂದು ನಮ್ಮ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಬ್ಯಾಂಕು, ಸಿಮ್ಮುಗಳ ಡಿಜಿಟಲ್ ಕೆವೈಸಿಯಲ್ಲಿ "ಕಣ್ಣು ಮಿಟುಕಿಸಿ" ಅನ್ನುತ್ತಾರಲ್ಲ, ಕಣ್ಣಿಲ್ಲದವರು, ಆಸಿಡ್ ದಾಳಿಯಲ್ಲಿ ಮುಖ ಸುಟ್ಟುಕೊಂಡವರು ಅದನ್ನು ಹೇಗೆ ಮಾಡಬೇಕು ಅನ್ನುವ ಪ್ರಶ್ನೆ. ಡಿಜಿಟಲ್ ಸೌಲಭ್ಯ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಅಂತ ಕೋರ್ಟು ಹೇಳಿತು. ಕೋರ್ಟು ಅಷ್ಟು ದೂರ ಬಂದಿದೆ. ನಮ್ಮ ಸಂಘ ಇನ್ನೂ "ಪಾಪ, ಕಾಣೂದಿಲ್ಲ"ದ ಸ್ಟಾಪಿನಲ್ಲೇ ನಿಂತಿದೆ.

ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ನಾನು ಫೋನಿನ ತೆರೆಯನ್ನು ಯಾವಾಗಲೂ ಕಪ್ಪಾಗಿಸಿಯೇ ಇಡುವುದು. ಬ್ಯಾಂಕಿನ ಲೆಕ್ಕ ಪಕ್ಕದವನಿಗೆ ಯಾಕೆ ಕಾಣಬೇಕು? ಒಂದು ದಿನ ಲೋಕಲ್ಲಿನಲ್ಲಿ ಆರಾಮಾಗಿ ಸವರುತ್ತ ಕೂತಿದ್ದೆ. ಪಕ್ಕದ ಹುಡುಗ ಬಹಳ ಹೊತ್ತು ನೋಡಿರಬೇಕು, ಠಾಣೆ ಬರುವಷ್ಟರಲ್ಲಿ ಮೆಲ್ಲಗೆ ಭುಜ ಮುಟ್ಟಿ "ಕಾಕಾ, ತುಮ್ಚಾ ಫೋನ್ ಬಂದ್ ಆಹೆ" ಅಂದ. ಪಾಪ, ಅವನ ದನಿಯಲ್ಲಿ ಎಷ್ಟು ಮರುಕ! ಮುದುಕ ಸತ್ತ ಫೋನನ್ನು ಉಜ್ಜುತ್ತಿದ್ದಾನೆ ಅಂದುಕೊಂಡಿದ್ದ. ಇಯರ್‌ಫೋನು ಅವನ ಕಿವಿಗೆ ಕೊಟ್ಟೆ. ಕಲ್ಯಾಣದವರೆಗೂ ಪ್ರಶ್ನೆ ಕೇಳುತ್ತಲೇ ಇದ್ದ, ಡೊಂಬಿವಲಿಯಲ್ಲಿ ಇಳಿಯಬೇಕಾದ ನಾನೂ ಅವನ ಜೊತೆ ಕಲ್ಯಾಣ ನೋಡಿಬಂದೆ.

ಹಾಗಾದರೆ ಟ್ಯಾಬ್ಲೆಟ್ಟು ಯಾರಿಗೂ ಬೇಡವೇ ಅಂತ ನೀವು ಕೇಳಬಹುದು. ನಾನು ಹಾಗೆ ಹೇಳಿಲ್ಲ. ಅಂಧರು ಅಂತ ಒಂದೇ ಸಾಲಿನಲ್ಲಿ ನಿಲ್ಲಿಸಿದ ಇಪ್ಪತ್ತು ಮಕ್ಕಳಲ್ಲಿ ಎಲ್ಲರೂ ನನ್ನಂತೆ ಪೂರ್ತಿ ಕುರುಡರಲ್ಲ. ಕೆಲವರಿಗೆ ನಡುವಿನ ನೋಟ ಹೋಗಿ ಸುತ್ತಲಿನದು ಉಳಿದಿರುತ್ತದೆ. ಅಂಥವರಿಗೆ ಅಕ್ಷರವನ್ನು ಬೆರಳುದ್ದ ಮಾಡಿ ತೋರಿಸುವ ದೊಡ್ಡ ತೆರೆ ವರವೇ ಸರಿ. ಇನ್ನು ಕೆಲವರಿಗೆ ಕೊಳವೆಯಲ್ಲಿ ನೋಡಿದ ಹಾಗೆ ನಡುವಿನದಷ್ಟೇ ಕಾಣುತ್ತದೆ. ಅವರಿಗೆ ದೊಡ್ಡ ತೆರೆ ಕೊಟ್ಟರೆ ಅರ್ಧ ಅಕ್ಷರವೂ ಆ ಕೊಳವೆಯಲ್ಲಿ ಹಿಡಿಸುವುದಿಲ್ಲ, ಸಣ್ಣದೇ ಮೇಲು. ಇಬ್ಬರ ಸರ್ಟಿಫಿಕೇಟಿನಲ್ಲೂ ಒಂದೇ ಶೇಕಡಾವಾರು ಬರೆದಿರಬಹುದು. ಕೇಳದೆ ಹೇಗೆ ತಿಳಿಯುತ್ತದೆ ಸ್ವಾಮೀ?

ಪೂರ್ತಿ ಕಾಣದವರಲ್ಲೂ ಟ್ಯಾಬ್ಲೆಟ್ಟೇ ಬೇಕೆನ್ನುವವರಿದ್ದಾರೆ. ಐಫೋನ್, ಐಪ್ಯಾಡುಗಳಲ್ಲಿ 2014ರಿಂದ ತೆರೆಯ ಮೇಲೆಯೇ ಬ್ರೈಲ್ ಬರೆಯಬಹುದು, ಆಂಡ್ರಾಯ್ಡಿಗೆ ಅದು 2020ರಲ್ಲಿ ಬಂತು. ಫೋನಿನಲ್ಲಾದರೆ ತೆರೆಯನ್ನು ಎದುರಿನವರ ಕಡೆ ತಿರುಗಿಸಿ ಆರು ಬೆರಳನ್ನು ಹಿಂದಿನಿಂದ ಮಡಚಿ ಇಡಬೇಕು. ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಮಲಗಿಸಿದರೆ ಕೈ ಸಲೀಸಾಗಿ ಹರಡುತ್ತದೆ, ಶಾಲೆಯಲ್ಲಿ ಬ್ರೈಲರ್ ಒತ್ತಿದ ಹಾಗೇ. ದಪ್ಪ ಬೆರಳಿನವರಿಗೆ, ಕೈ ನಡುಗುವ ವಯಸ್ಸಿನವರಿಗೆ ಅದು ಹಿತ. ಮತ್ತೆ ಕನ್ನಡದ ಕೀಲಿಮಣೆ! ಇಂಗ್ಲಿಷಿನ ಇಪ್ಪತ್ತಾರು ಅಕ್ಷರಕ್ಕೆ ಮಾಡಿದ ಜಾಗದಲ್ಲಿ ನಮ್ಮ ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಎಲ್ಲ ತುರುಕಿದರೆ ಒಂದೊಂದು ಕೀಲಿ ಎಳ್ಳುಕಾಳಿನಷ್ಟಾಗುತ್ತದೆ. ಅಲ್ಪಪ್ರಾಣ ಹುಡುಕುವಾಗ ಮಹಾಪ್ರಾಣ ಸಿಕ್ಕಿ ನಮ್ಮ ಪ್ರಾಣ ಹೋಗುತ್ತದೆ. ಈ ವಿಷಯದಲ್ಲಿ ದೊಡ್ಡ ತೆರೆಗೇ ಗೆಲುವು, ಒಪ್ಪಿಕೊಳ್ಳುತ್ತೇನೆ. ಆದರೆ ಫೋನಿಗೆ ಒಂದು ಬ್ಲೂಟೂತ್ ಕೀಬೋರ್ಡು ಜೋಡಿಸಿದರೆ ಆ ಗೆಲುವೂ ಹೆಚ್ಚು ಹೊತ್ತು ಉಳಿಯುವುದಿಲ್ಲ. ಈ ಬರಹವನ್ನಂತೂ ನಾನು ಲ್ಯಾಪ್‌ಟಾಪಿನಲ್ಲಿ ಬರೆಯುತ್ತಿದ್ದೇನೆ, ಉಚಿತವಾಗಿ ಸಿಗುವ ಎನ್‌ವಿಡಿಎ ಇಟ್ಟುಕೊಂಡು. ಅದರ ಇ-ಸ್ಪೀಕ್ ದನಿ ಕನ್ನಡವನ್ನು ತಗಡು ಬಡಿದ ಹಾಗೆ ಓದುತ್ತದೆ, ಆದರೂ ಓದುತ್ತದಲ್ಲ.

ಹೀಗೆಲ್ಲ ಇರುವಾಗ ಸಂಘಕ್ಕೆ ಟ್ಯಾಬ್ಲೆಟ್ಟೇ ಯಾಕೆ ಬೇಕು? ನನ್ನ ಅನುಮಾನ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ. ಫೋಟೋದಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಇಪ್ಪತ್ತು ಮಕ್ಕಳು ಎದೆಯ ಮಟ್ಟಕ್ಕೆ ದೊಡ್ಡ ಡಬ್ಬಿ ಹಿಡಿದು ಸಾಲಾಗಿ ನಿಂತರೆ, ಹಿಂದೆ ಹಳದಿ ಕೆಂಪು ಬಾವುಟ, ಪಕ್ಕದಲ್ಲಿ ದಾನಿಗಳು, ಕೊನೆಯಲ್ಲಿ ಕಪ್ಪು ಕನ್ನಡಕ ಹಾಕಿದ ನಾನು. ಅಂಗೈಯಗಲದ ಫೋನು ಕೊಟ್ಟರೆ ಹಿಂದಿನ ಸಾಲಿನವರಿಗೆ ಏನು ಕೊಟ್ಟರೆಂದೇ ತಿಳಿಯುವುದಿಲ್ಲ. ನಾನು ಇಂಥ ಎಷ್ಟೋ ವೇದಿಕೆ ಹತ್ತಿದ್ದೇನೆ. ಕೈಗಡಿಯಾರ, ಕೋಲು, ಟೇಪ್‌ರೆಕಾರ್ಡರ್, ಒಂದು ಸಲ ಪ್ರೆಷರ್ ಕುಕ್ಕರ್, ಎಲ್ಲ ತೆಗೆದುಕೊಂಡಿದ್ದೇನೆ. ನಿನಗೇನು ಬೇಕು ಅಂತ ಕೇಳಿದ ವೇದಿಕೆ ನನಗೆ ನೆನಪಿಲ್ಲ.

ಇನ್ನೊಂದು ಮಾತು. ಟ್ಯಾಬ್ಲೆಟ್ ಹಂಚುವ ಇದೇ ಸಂಘದ ಆಮಂತ್ರಣ ಪತ್ರಿಕೆ ನನಗೆ ಹೇಗೆ ಬರುತ್ತದೆ ಗೊತ್ತೇ? ವಾಟ್ಸ್ಯಾಪಿನಲ್ಲಿ ಒಂದು ಚಿತ್ರವಾಗಿ. ಅಕ್ಷರದ ಸುತ್ತ ಹೂಬಳ್ಳಿ, ಹಿಂದೆ ಭುವನೇಶ್ವರಿ. ನನ್ನ ಫೋನು ಅದನ್ನು ನೋಡಿ "ಇಮೇಜ್" ಅಂತ ಒಂದೇ ಪದ ಹೇಳಿ ಸುಮ್ಮನಾಗುತ್ತದೆ. ಓದಿಸುವ ಆಪ್‌ಗೆ ಕೊಟ್ಟರೆ ಬಳ್ಳಿಯೂ ಅಕ್ಷರವೂ ಕಲಸಿ ಏನೋ ಬಡಬಡಿಸುತ್ತದೆ. ಸಂಘದ ಸ್ಮರಣ ಸಂಚಿಕೆಗಳ ಪಿಡಿಎಫ್ ಇದೆ, ಹಳೇ ನುಡಿಯಲ್ಲಿ ಬೆರಳಚ್ಚು ಮಾಡಿದ್ದು, ಯುನಿಕೋಡ್ ಅಲ್ಲ. ಕಣ್ಣಿಗೆ ಮುದ್ದಾದ ಕನ್ನಡ, ಸ್ಕ್ರೀನ್ ರೀಡರಿನ ಬಾಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ. ಇದೇ ಸಂಚಿಕೆಯಲ್ಲಿ ನನ್ನದೇ ಲೇಖನ ಇದೆ. ನನ್ನ ಲೇಖನವನ್ನು ನಾನು ಓದಲಾರೆ! ಇದನ್ನು ಸರಿಮಾಡಲು ಒಂದು ಪೈಸೆ ದಾನ ಬೇಡ. ಆಮಂತ್ರಣದ ಚಿತ್ರದ ಕೆಳಗೆ ನಾಲ್ಕು ಸಾಲು ಟೈಪು ಮಾಡಿದರೆ ಸಾಕು. ಮೂರು ವರ್ಷದಿಂದ ಹೇಳುತ್ತಿದ್ದೇನೆ. ಅದಾಗದವರು ಟ್ಯಾಬ್ಲೆಟ್ ಕೊಟ್ಟರೆ ಆ ಮಕ್ಕಳು ಅದರಲ್ಲಿ ಏನು ಓದಬೇಕು, "ಇಮೇಜ್" ಅನ್ನುವ ಪದವನ್ನೇ?

ಸಣ್ಣದು ಬೇಕು ಅಂತ ನಾನಿಷ್ಟು ಕೂಗುತ್ತಿರುವಾಗ ಪೇಟೆಯಲ್ಲಿ ಸಣ್ಣದೇ ಸಿಗುತ್ತಿಲ್ಲ ಅನ್ನೋದು ಬೇರೆ ಸಂಕಟ. ಐಪಾಡ್ ಟಚ್ 2022ರಲ್ಲಿ ನಿಂತಿತು. ಐಫೋನ್ 13 ಮಿನಿ 2023ರಲ್ಲಿ ಹೋಯಿತು. ಒತ್ತಿದರೆ ಬೆರಳಿಗೆ ಗೊತ್ತಾಗುವ ಹೋಮ್ ಗುಂಡಿ ಇದ್ದ ಕೊನೆಯ ಐಫೋನ್ ಎಸ್‌ಇ 2025ರ ಫೆಬ್ರವರಿಯಲ್ಲಿ ಮುಗಿಯಿತು. ಅಂಗಡಿಯವನು ಈಗ ಆರೂಮುಕ್ಕಾಲು ಇಂಚಿನದನ್ನು ಮುಂದಿಟ್ಟು "ಅಂಕಲ್, ಡಿಸ್‌ಪ್ಲೇ ಏಕ್‌ದಂ ಮಸ್ತ್" ಅನ್ನುತ್ತಾನೆ, ನನ್ನ ಮುಖ ನೋಡಿಕೊಂಡೇ! ಇದ್ದುದರಲ್ಲಿ ಸಣ್ಣದನ್ನು ಆರಿಸಬೇಕು, ಬೇರೆ ದಾರಿಯಿಲ್ಲ. ಆರಿಂಚು ನನ್ನ ಕೈಗೆ ಕೊನೆಯ ಮಿತಿ.

ಖಜಾಂಚಿಯವರಿಗೆ ಮಾರನೇ ದಿನ ನಾನೇ ಫೋನು ಮಾಡಿ ಇಷ್ಟು ಹೇಳಿದೆ. ಮೊದಲು ಇಪ್ಪತ್ತು ಮಕ್ಕಳ ಮನೆಗೆ ಫೋನು ಮಾಡಿಸಿ, ಯಾರಿಗೆ ಎಷ್ಟು ಕಾಣುತ್ತದೆ, ಏನು ಬೇಕು ಅಂತ ಕೇಳಿಸಿ. ಬೇಕಿದ್ದರೆ ಆ ಕೆಲಸ ನಾನೇ ಮಾಡುತ್ತೇನೆ, ಮೂವತ್ತೇಳು ವರ್ಷ ಫೋನು ಮಾಡಿಯೇ ಸಂಬಳ ತೆಗೆದುಕೊಂಡವನು. ಪೂರ್ತಿ ಕಾಣದವರಿಗೆ ಸಾಧಾರಣ ಬೆಲೆಯ ಸಣ್ಣ ಆಂಡ್ರಾಯ್ಡ್ ಫೋನು, ಕನ್ನಡದ ದನಿ ಹಾಕಿಸಿ, ಜೊತೆಗೆ ಇಯರ್‌ಫೋನು ಮತ್ತು ಬ್ಲೂಟೂತ್ ಕೀಬೋರ್ಡು. ಅಲ್ಪಸ್ವಲ್ಪ ಕಾಣುವವರು ಕೈಯಲ್ಲಿ ಹಿಡಿದು ನೋಡಿ, ಬೇಕೆಂದರೆ ಟ್ಯಾಬ್ಲೆಟ್ಟು. ಉಳಿದ ದುಡ್ಡಿನಲ್ಲಿ ಕಲಿಸಲು ಒಬ್ಬ ಕುರುಡ ಹುಡುಗನಿಗೇ ಸಂಬಳ ಕೊಟ್ಟು ನಾಲ್ಕು ಭಾನುವಾರದ ತರಗತಿ. ಕೇಂದ್ರ ಸರ್ಕಾರದ ಸುಗಮ್ಯ ಪುಸ್ತಕಾಲಯ 2016ರಿಂದ ಇದೆ, ಅದಕ್ಕೆ ಸದಸ್ಯರಾಗುವುದು ಹೇಗೆ ಅಂತ ಅಲ್ಲೇ ತೋರಿಸಿಕೊಡಲಿ.

"ಆಗ್ಬಹುದು ಅಣ್ಣಾ, ಆದ್ರೆ ದಾನಿಗಳು ಟ್ಯಾಬ್ಲೆಟ್ ಅಂತ ಹೇಳಿಯಾಗಿದೆ..." ಅಂತ ರಾಗ ಎಳೆದರು. ದಾನಿಗಳನ್ನೂ ಮೀಟಿಂಗಿಗೆ ಕರೆಯಿರಿ ಅಂದೆ. ನನ್ನ ಮಗಳು ಕೊಟ್ಟ ಟ್ಯಾಬ್ಲೆಟ್ಟನ್ನು ತರುತ್ತೇನೆ, ಅವರ ಕಣ್ಣಿಗೆ ಬಟ್ಟೆ ಕಟ್ಟಿ ಅದರಲ್ಲಿ ವಾಲ್ಯೂಮ್ ಎಲ್ಲಿದೆ ಹುಡುಕಿಸುತ್ತೇನೆ ಅಂದೆ. ನಕ್ಕರು. ನಾನು ನಗಲಿಲ್ಲ.

ಆ ಟ್ಯಾಬ್ಲೆಟ್ಟು ಈಗ ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಗೆ ಒರಗಿ ನಿಂತಿರುತ್ತದೆ. ಹೆಂಡತಿ ಅದರಲ್ಲಿ ಧಾರಾವಾಹಿ ನೋಡುತ್ತಾಳೆ. "ಹ್ವಾಯ್, ಭಾನುವಾರ ಅದನ್ನ ತಕಂಡ್ ಹೋದ್ರೆ ನಂಗೆ ಸೀರಿಯಲ್ಲಿಗೆ ಎಂತ ಮಾಡೂದು?" ಅಂತ ಈಗಾಗಲೇ ಕೇಳಿಯಾಗಿದೆ.

ಮೀಟಿಂಗು ಭಾನುವಾರ ಸಂಜೆ ನಾಲ್ಕಕ್ಕೆ. ಆ ಮಾಹಿತಿ ಕೂಡ ಚಿತ್ರವಾಗಿಯೇ ಬಂದದ್ದು, ಮಗಳು ಪುಣೆಯಿಂದ ಫೋನಿನಲ್ಲಿ ಓದಿ ಹೇಳಿದಳು. ಈ ಕಡೆ ಇರುವ ಓದುಗರು, ಅದರಲ್ಲೂ ಕಣ್ಣಿಲ್ಲದವರು, ಬರುವುದಾದರೆ ನನಗೊಂದು ಮಾತು ತಿಳಿಸಿ, ಡೊಂಬಿವಲಿ ಸ್ಟೇಷನ್ನಿನಿಂದ ಒಟ್ಟಿಗೇ ರಿಕ್ಷಾ ಹಿಡಿಯೋಣ.